ಸೊಂಟನೋವಿನ ಎಕ್ಸರೇ: ಸಾಲಿನಲ್ಲಿ ನಿಂತವರಿಗೆ ಮಾತ್ರ

ಸಂಖ್ಯೆ: ಸೊಂಟ/ಎಕ್ಸರೇ/೧೯೬೩-೬೪
ಸ್ಥಳ: ಚಿಂತಾಮಣಿ

ವಿಷಯ: ಸೊಂಟನೋವಿಗೆ ಯಾವಾಗ, ಯಾರಿಗೆ ಎಕ್ಸರೇ ತೆಗೆಯಬೇಕೆಂಬ ಬಗ್ಗೆ.
ಉಲ್ಲೇಖ: ಕೆಂಚಾರ್ಲಹಳ್ಳಿಯ ಆವಲಪ್ಪ ಎಂಬುವನು ಆಸ್ಪತ್ರೆ ಕಚೇರಿ ಬಾಗಿಲಲ್ಲಿ ಮಾಡಿದ ಗಲಾಟೆ.

ಸದರಿ ಆವಲಪ್ಪನ ಹೆಂಡತಿ ಚಿಕ್ಕವೆಂಕಟಮ್ಮ ಹಿಪ್ಪುನೇರಳೆ ಸೊಪ್ಪಿನ ಬಂಡಿಯ ಮೇಲಿಂದ ಬಿದ್ದು, ಎದ್ದು ನಿಲ್ಲಲಾರದೆ, ಆಸ್ಪತ್ರೆಯ ಜಗಲಿಯಲ್ಲಿ ಮಲಗಿರುವುದು ಇಲಾಖೆಯ ಗಮನಕ್ಕೆ ಬಂದಿರುತ್ತದೆ. ಓಡಾಡುವವರಿಗೆ ಅಡ್ಡವಾಗಿರುವುದರಿಂದಲೇ ಗಮನಕ್ಕೆ ಬಂದಿರುತ್ತದೆ. ಆದಕಾರಣ ಈ ಮೂಲಕ ಸೂಚಿಸಲಾಗಿರುವುದೇನೆಂದರೆ:

೧. ಕಳೆ ಕಿತ್ತು, ರೇಷ್ಮೆಹುಳುವಿಗೆ ಸೊಪ್ಪು ಹಾಕಿ ಬಂದ ಸೊಂಟನೋವು ಓಡಾಡಿಕೊಂಡಿದ್ದರೆ ಕೆಲವು ವಾರಗಳಲ್ಲಿ ತಾನೇ ಹೋಗುತ್ತದೆ, ಎಕ್ಸರೇ ಬೇಕಿಲ್ಲ ಎಂದು ಆಸ್ಪತ್ರೆಯ ಡಾಕ್ಟರು ಬರೆದಿರುತ್ತಾರೆ. ನಿಜವೇ ಆದರೂ ಇದನ್ನು ಗಣ್ಯರ ಮುಂದೆ ಹೇಳತಕ್ಕದ್ದಲ್ಲ. ತಾನಾಗಿ ವಾಸಿಯಾಗಲು ಗಣ್ಯರ ಸೊಂಟವೇನು ಅಷ್ಟು ಅಗ್ಗದ್ದೇ?

೨. ಪಟೇಲ ಚೆನ್ನರಾಯಪ್ಪನವರು ತಮ್ಮ ಎಕ್ಸರೇ ಪ್ಲೇಟನ್ನು ಸೊಂಟಕ್ಕೆ ಕಟ್ಟಿಕೊಂಡು ಮಲಗಿದ್ದರಿಂದ ನೋವು ಇಳಿಯಿತೆಂದು ತಿಳಿಸಿರುತ್ತಾರೆ. ಪ್ಲೇಟು ಔಷಧಿಯಲ್ಲ. ಆದರೆ ಪಟೇಲರೇ ತಿಳಿಸಿದ ಮೇಲೆ ಔಷಧಿಯೇ ಸರಿ. ಎಡಕ್ಕೊಂದು, ಬಲಕ್ಕೊಂದು ಹೆಚ್ಚುವರಿಯಾಗಿ ತೆಗೆದುಕೊಡಲಾಗಿದೆ.

೩. ಪ್ಲೇಟನ್ನು ದೇವರ ಪಟದ ಪಕ್ಕ ತೂಗುಹಾಕಬಹುದು. ಬೆನ್ನುಮೂಳೆಗೆ ಕುಂಕುಮ ಇಡತಕ್ಕದ್ದಲ್ಲ.

೪. ಬಿದ್ದು ಪೆಟ್ಟಾದವರು, ಜ್ವರ ಬಂದು ಸೊರಗಿದವರು, ಕಾಲು ಸ್ವಾಧೀನ ತಪ್ಪಿದವರು, ಇಂಥವರಿಗೆ ಮಾತ್ರ ತಡಮಾಡದೆ ತೆಗೆಯಬೇಕೆಂದೂ ಅದೇ ಡಾಕ್ಟರು ಬರೆದಿರುತ್ತಾರೆ. ಬರೆಯುವುದಕ್ಕೇನು! ಇಂಥವರು ಸಾಲಿನಲ್ಲಿ ನಿಲ್ಲಲಾರರು. ನಿಲ್ಲದವರಿಗೆ ಸರದಿ ಎಲ್ಲಿಂದ ಬರಬೇಕು?

೫. "ಕಾಲು ಎತ್ತಕ್ಕಾಗ್ತಿಲ್ಲ ಸ್ವಾಮಿ, ಉಚ್ಚೆ ಹೋಗಿದ್ದೂ ತಿಳೀತಿಲ್ಲ ಅಂತಾಳೆ. ಒಂದು ಪ್ಲೇಟು ತೆಗೀರಪ್ಪ, ನಿಮ್ಮ ಕಾಲಿಗೆ ಬೀಳ್ತೀನಿ" ಎಂದು ಆವಲಪ್ಪ ಅತ್ತಿರುತ್ತಾನೆ. ಕಚೇರಿಯಲ್ಲಿ ಉಚ್ಚೆ ಎಂಬ ಪದ ಬಳಸಿದ್ದಕ್ಕೆ ಅವನಿಗೆ ಎಚ್ಚರಿಕೆ ನೀಡಲಾಗಿದೆ. ಕಾಲಿಗೆ ಬೀಳುವುದಕ್ಕೂ ಸಾಲು ಇರುತ್ತದೆ.

೬. ತರುವಾಯ ಆವಲಪ್ಪ ಹೆಂಡತಿಯ ಬದಲಿಗೆ ತಾನೇ ಸಾಲಿನಲ್ಲಿ ನಿಂತಿರುತ್ತಾನೆ. ಸರದಿ ಬಂದಾಗ, ನಿಂತವನಿಗೇ ಎಂಬ ನಿಯಮದಂತೆ, ಅವನು ಬೇಡಬೇಡವೆಂದರೂ ಹಿಡಿದು ಅವನ ಸೊಂಟದ ಎಕ್ಸರೇ ತೆಗೆಯಲಾಗಿದೆ. ಸೊಂಟ ಬಹಳ ಚೆನ್ನಾಗಿದೆ. ಅದೇ ಕೊನೆಯ ಫಿಲ್ಮು ಆಗಿದ್ದರಿಂದ, ಮುಂದಿನ ಸರಬರಾಜು ಬರುವವರೆಗೆ ಎಕ್ಸರೇ ನಿಲ್ಲಿಸಲಾಗಿದೆ. ಆ ಕುಟುಂಬಕ್ಕೆ ಪ್ಲೇಟು ಸಂದಿರುವುದರಿಂದ ದೂರಿಗೆ ಅವಕಾಶವಿರುವುದಿಲ್ಲ.

(ಸಹಿ ಅಸ್ಪಷ್ಟ)
ಅಧಿಕಾರಿಗಳ ಪರವಾಗಿ
(ಅಧಿಕಾರಿಗಳು ಸೊಂಟನೋವಿನ ರಜೆಯಲ್ಲಿದ್ದಾರೆ)

ಪ್ರತಿಗಳು:
ಪಟೇಲ ಚೆನ್ನರಾಯಪ್ಪನವರಿಗೆ, ಎರಡು ಪ್ಲೇಟುಗಳ ಸಮೇತ, ಗೌರವಪೂರ್ವಕವಾಗಿ.
ಡಾಕ್ಟರಿಗೆ, ಇನ್ನು ಮುಂದೆ ಏನನ್ನೂ ಬರೆಯದಿರಲು.
ಚಿಕ್ಕವೆಂಕಟಮ್ಮ, ಆಸ್ಪತ್ರೆ ಜಗಲಿ. ಖುದ್ದಾಗಿ ನಡೆದು ಬಂದು ಪಡೆಯತಕ್ಕದ್ದು.