ನಿಜ ಹೇಳಿದ ಸ್ವಿಚ್ಚು

ಎಲೆಕ್ಟ್ರಿಕ್ ಕಾರು ಕೊಂಡಾಗಿನಿಂದ ಔಡುನ್‌ಗೆ ಒಂದೇ ಕೊರಗು: ಅದರಲ್ಲಿ ರಿಪೇರಿ ಮಾಡಲು ಏನೂ ಇಲ್ಲ. ಹಳೆಯ ಪೆಟ್ರೋಲ್ ಕಾರಿದ್ದಾಗ ಶನಿವಾರ ಬಂತೆಂದರೆ ಆಯಿಲ್ ಬದಲಿಸುವುದೇನು, ಪ್ಲಗ್ ಉಜ್ಜುವುದೇನು, ಮೊಣಕೈವರೆಗೆ ಮಸಿ ಮಾಡಿಕೊಂಡು ಹೆಂಡತಿಯ ಬಿಳಿ ಟವೆಲಿಗೆ ಒರೆಸುವುದೇನು! ಗೃಹಸ್ಥನಿಗೆ ಸಲ್ಲಬೇಕಾದ ಸಕಲ ಗೌರವವೂ ಸಲ್ಲುತ್ತಿತ್ತು. ಈಗ ಗಾಜು ತೊಳೆಯುವ ನೀರು ತುಂಬಿಸುವುದೊಂದೇ ಉಳಿದಿತ್ತು. (ಅದನ್ನೂ ಹೆಂಡತಿ ಬೊರ್ಘಿಲ್ಡ್ ತಾನೇ ತುಂಬಿಸಿಬಿಡುತ್ತಿದ್ದಳು.)

ಹಾಗಾಗಿ ಮೇ ಹದಿನಾರರ ಬೆಳಿಗ್ಗೆ ಕಾರಿನ ಎ.ಸಿ. ಕೆಟ್ಟಾಗ ಅವನಿಗೆ ದುಃಖವಾಯಿತು ಎಂದರೆ ಸುಳ್ಳಾದೀತು.

ದಿಗಿಲಾದದ್ದು ಬೊರ್ಘಿಲ್ಡ್‌ಗೆ. ಮರುದಿನ ದೇಶದ ಹಬ್ಬ. ತಾವಿದ್ದ ಹಾಮಾರ್ ಪಟ್ಟಣದಿಂದ ಒಂದೂವರೆ ಗಂಟೆ ದೂರದ ಅವಳ ತವರು ಹಳ್ಳಿಯಲ್ಲಿ, ಚರ್ಚಿನ ಮುಂದೆ, ಈ ವರ್ಷದ ಹಬ್ಬದ ಭಾಷಣ ಅವಳದು. ಹಳ್ಳಿ ಬಿಟ್ಟು ಮೂವತ್ತು ವರ್ಷವಾದ ಮೇಲೆ ಕರೆದಿದ್ದರು. ಅದೂ ಬುನಾದ್ ತೊಟ್ಟು ಮಾತಾಡಬೇಕು. ಅಜ್ಜಿ ಬಿಟ್ಟುಹೋದ ಆ ಹಬ್ಬದ ಉಡುಪು ಬೆಳ್ಳಿ ಗುಂಡಿ, ಉಣ್ಣೆಯ ಲಂಗ, ಉಣ್ಣೆಯ ಕಾಲುಚೀಲ ಎಲ್ಲ ಸೇರಿ ಐದು ಕೆಜಿ. ಹೊರಗೆ ಇಪ್ಪತ್ತೇಳು ಡಿಗ್ರಿ ಬಿಸಿಲು. (ಇಪ್ಪತ್ತೇಳಕ್ಕೇ ಇಷ್ಟು ಗೋಳೇ ಎನ್ನುವವರು ಒಮ್ಮೆ ಕಂಬಳಿ ಹೊದ್ದು ಕಾರಿನಲ್ಲಿ ಕೂತು ನೋಡಲಿ.)

"ವರ್ಕ್‌ಶಾಪಿಗೆ ಫೋನ್ ಮಾಡು. ನಾಳೆ ಎಲ್ಲಾ ಬಾಗಿಲು ಹಾಕಿರ್ತಾರೆ," ಎಂದಳು.

"ಯಾಕೆ? ಪ್ರೆಷರ್ ಸ್ವಿಚ್ಚು ಹೋಗಿದೆ, ಅಷ್ಟೇ. ಫೋನಲ್ಲಿ ವಿಡಿಯೊ ನೋಡಿದೆ. ಬೆರಳುದ್ದದ ಸಾಮಾನು. ಬಿಚ್ಚೋದು, ಹಾಕೋದು."

"ಆ ಪೈಪಲ್ಲಿ ಗ್ಯಾಸ್ ಇರುತ್ತೆ ಮಾರಾಯ."

"ಸ್ವಿಚ್ಚಿನ ಕೆಳಗೆ ತಾನೇ ಮುಚ್ಕೊಳ್ಳೋ ಬಿರಡೆ ಇರುತ್ತಂತೆ. ಒಂದು ಹನಿ ಗ್ಯಾಸೂ ಹೊರಗೆ ಬರಲ್ಲ."

"ಯಾರನ್ನಾದರೂ ಒಂದು ಮಾತು ಕೇಳಬಾರ್ದಾ?"

"ನಿನ್ನ ಭಾಷಣದಲ್ಲಿ ನೀನೇ ಬರೆದಿದೀಯಲ್ಲ, 'ನಮ್ಮ ಜನ ಯಾರ ಮುಂದೂ ಕೈ ಚಾಚಿದವರಲ್ಲ' ಅಂತ! ಮೂರು ಪುಟ ಬರೆದಿದೀಯ!"

ಸ್ವಂತ ಭಾಷಣವೇ ತಿರುಗಿ ಬಿದ್ದರೆ ಯಾರು ತಾನೇ ಏನು ಮಾಡಿಯಾರು?

ಔಡುನ್ ಅಂಗಡಿ ಮುಚ್ಚುವ ಮುನ್ನ ಓಡಿ ಹೊಸ ಸ್ವಿಚ್ಚು ತಂದ. ಮಧ್ಯಾಹ್ನ ಎರಡು ಗಂಟೆಗೆ ಮನೆಯ ಮುಂದೆ ಶಸ್ತ್ರಚಿಕಿತ್ಸೆ ಆರಂಭವಾಯಿತು. ಕಾರನ್ನು ಪೂರ್ತಿ ಆರಿಸಿ, ಚಿಕ್ಕ ಬ್ಯಾಟರಿಯ ತಂತಿ ಕಳಚಿ, ಹೆಂಡತಿಯ ಪಾತ್ರೆ ತೊಳೆಯುವ ಗುಲಾಬಿ ಬಣ್ಣದ ಕೈಗವಸು ತೊಟ್ಟ. ಒಳಗಿದ್ದ ದಪ್ಪ ಕಿತ್ತಳೆ ತಂತಿಗಳ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಅವನ್ನು ಮುಟ್ಟಿದರೆ ಮಸಣವೇ ಗತಿ ಎಂಬಷ್ಟು ಜ್ಞಾನ ಅವನಿಗಿತ್ತು.

ಬೇಲಿಯಾಚೆ ಪಕ್ಕದ ಮನೆಯ ಶೆತಿಲ್ ಬೇಲಿಗೆ ಬಿಳಿ ಬಣ್ಣ ಬಳಿಯುತ್ತಿದ್ದ. ಏಳು ವರ್ಷದ ನೆರೆಹೊರೆ. ಏಳು ವರ್ಷದಲ್ಲಿ ಇಬ್ಬರೂ ಹವಾಮಾನ ಬಿಟ್ಟು ಬೇರೆ ಮಾತಾಡಿದ್ದಿಲ್ಲ. ಒಬ್ಬರ ವಿಷಯದಲ್ಲಿ ಇನ್ನೊಬ್ಬರು ತಲೆಹಾಕದಿರುವುದೇ ಸಭ್ಯತೆ ಎಂದು ಇಬ್ಬರೂ ನಂಬಿದ್ದರು.

"ಬಿಸಿಲು," ಎಂದ ಶೆತಿಲ್.

"ಬಿಸಿಲು," ಎಂದು ಔಡುನ್ ಒಪ್ಪಿಕೊಂಡ.

ಶೆತಿಲ್ ಬಣ್ಣ ಬಳಿಯುತ್ತಲೇ ಇದ್ದ. ಔಡುನ್ ಬಾನೆಟ್ಟಿನೊಳಗೆ ತಲೆ ಹಾಕಿದಾಗಲೆಲ್ಲ ಕುಂಚ ಗಾಳಿಯಲ್ಲಿ ನಿಲ್ಲುತ್ತಿತ್ತು, ತಲೆ ಹೊರಗೆ ಬಂದಾಗ ಮತ್ತೆ ಓಡುತ್ತಿತ್ತು. ಬಳಿದ ಹಲಗೆಗೇ ನಾಲ್ಕನೇ ಸಲ ಬಳಿಯುತ್ತಿದ್ದಾನಲ್ಲ, ಇವನಿಗೇನು ಬಂತು ಎಂದು ಔಡುನ್‌ಗೆ ಕನಿಕರವೂ ಆಯಿತು.

ಸ್ಪ್ಯಾನರ್ ಹಾಕಿ ತಿರುಗಿಸಿದ. ಒಂದು ಸುತ್ತು, ಎರಡು ಸುತ್ತು. ಮೂರನೆಯದಕ್ಕೆ ನೂರು ಹಾವು ಒಟ್ಟಿಗೆ ಬುಸುಗುಟ್ಟಿದಂತೆ ಸದ್ದಾಯಿತು. ಬಿಳಿ ಹೊಗೆ ಚಿಮ್ಮಿತು. ಔಡುನ್ ಹಿಂದಕ್ಕೆ ಹಾರಿ, ಸ್ಪ್ಯಾನರ್ ಸಮೇತ ಹೂವಿನ ಪಾತಿಯಲ್ಲಿ ಕುಕ್ಕರಿಸಿದ. ಬುಸ್ ಎನ್ನುವುದು ನಿಧಾನಕ್ಕೆ ಉಸ್ ಆಗಿ, ಆಮೇಲೆ ಅದೂ ನಿಂತಿತು.

ಬೊರ್ಘಿಲ್ಡ್ ಭಾಷಣದ ಹಾಳೆ ಹಿಡಿದುಕೊಂಡೇ ಓಡಿಬಂದಳು. "ಏನದು? ಎಲ್ಲಿ ನಿನ್ನ ಬಿರಡೆ?"

"ಅದು... ವಿಡಿಯೊದಲ್ಲಿದ್ದದ್ದು ಬೇರೆ ಕಾರು ಅನ್ಸುತ್ತೆ," ಎಂದ ಔಡುನ್, ಪಾತಿಯಿಂದಲೇ.

ಹಳೆಯ ಸ್ವಿಚ್ಚನ್ನು ಕಿತ್ತು ಜೇಬಿಗೆ ಹಾಕಿ ಹೊಸದನ್ನು ಬಿಗಿದು, ಬ್ಯಾಟರಿಯ ತಂತಿ ಜೋಡಿಸಿ ಎ.ಸಿ. ಹಾಕಿದ. ಕಾರು ಬಿಸಿಗಾಳಿ ಊದಿತು.

ಆಗ ಬೇಲಿಯಾಚೆಯಿಂದ ಗಂಟಲು ಸರಿಮಾಡಿಕೊಂಡ ಸದ್ದು ಬಂತು.

"ಸ್ವಿಚ್ಚು ಹಾಳಾಗಿರಲಿಲ್ಲ," ಎಂದ ಶೆತಿಲ್, ಕುಂಚದ ಕಡೆ ನೋಡುತ್ತ. "ಗ್ಯಾಸ್ ಸ್ವಲ್ಪ ಕಮ್ಮಿಯಾಗಿತ್ತು, ಅದಕ್ಕೇ ಅದು ಎ.ಸಿ. ನಿಲ್ಲಿಸಿತ್ತು. ಅದರ ಕೆಲಸವೇ ಅದು. ಈಗ ಹೊಸದೂ ಅದನ್ನೇ ಹೇಳ್ತಿದೆ. ಈಗಂತೂ ಗ್ಯಾಸ್ ಇಲ್ಲವೇ ಇಲ್ಲವಲ್ಲ."

"ನಿಮಗೆ ಹೇಗೆ ಗೊತ್ತು?"

"ನನ್ನ ಕೆಲಸ ಅದೇ. ಕಾರಿನ ಎ.ಸಿ.ಗೆ ಗ್ಯಾಸ್ ತುಂಬಿಸೋದು. ಇಪ್ಪತ್ತೆರಡು ವರ್ಷ ಆಯ್ತು."

ಔಡುನ್ ಬೇಲಿಯಾಚೆ ತಿರುಗಿ ನೋಡಿದ. ಏಳು ವರ್ಷದಿಂದ ಪಕ್ಕದಲ್ಲಿ ನಿಲ್ಲುತ್ತಿದ್ದ ಬಿಳಿ ವ್ಯಾನು ಕಣ್ಣ ಮುಂದೆ ಬಂತು. "ಮತ್ತೆ ವ್ಯಾನಿನ ಮೇಲೆ ಏನೂ ಬರೆಸಿಲ್ವಲ್ಲ?"

"ಜಂಬ ಅಂದ್ಕೋತಾರೆ ಅಂತ."

"ಎರಡು ಗಂಟೆಯಿಂದ ನೋಡ್ತಾ ನಿಂತಿದ್ರಲ್ಲ! ಒಂದು ಮಾತು ಹೇಳಬಾರದಿತ್ತೇನ್ರೀ?"

ಶೆತಿಲ್‌ಗೆ ನಿಜವಾಗಿಯೂ ಆಶ್ಚರ್ಯವಾಯಿತು. "ನೀವು ಕೇಳಲಿಲ್ವಲ್ಲ?"

ಬೊರ್ಘಿಲ್ಡ್ ಒಮ್ಮೆ ಗಂಡನನ್ನು, ಒಮ್ಮೆ ನಾಲ್ಕು ಪದರ ಬಣ್ಣದ ಬೇಲಿಯನ್ನು, ಒಮ್ಮೆ ಕೈಯಲ್ಲಿದ್ದ ಮೂರು ಪುಟಗಳನ್ನು ನೋಡಿದಳು. ಆಮೇಲೆ ಸೀದಾ ಬೇಲಿಯ ಹತ್ತಿರ ಹೋಗಿ ಸಹಾಯ ಕೇಳಿದಳು. ಗ್ಯಾಸ್ ತುಂಬುವ ಯಂತ್ರ ಅವನು ಕೆಲಸ ಮಾಡುವ, ಹಬ್ಬಕ್ಕೆ ಆಗಲೇ ಮುಚ್ಚಿದ್ದ ವರ್ಕ್‌ಶಾಪಿನಲ್ಲಿತ್ತು, ಬೀಗದ ಕೈ ಊರಿಗೆ ಹೋದ ಮಾಲೀಕನ ಬಳಿ ಇತ್ತು. "ಆದರೆ ವ್ಯಾನಲ್ಲಿ ಎ.ಸಿ. ಚೆನ್ನಾಗಿದೆ. ನಾಳೆ ನಾನೂ ಒಬ್ಬನೇ. ಕರ್ಕೊಂಡು ಹೋಗ್ತೀನಿ," ಎಂದ ಶೆತಿಲ್, ಕೆಂಪಗಾಗಿ.

ವ್ಯಾನಿನಲ್ಲಿ ಇದ್ದದ್ದು ಎರಡೇ ಸೀಟು.

ಮರುದಿನ ಔಡುನ್ ಹಿಂದಿನಿಂದ ತನ್ನ ಕಾರಿನಲ್ಲಿ, ಹಬ್ಬದ ಉಣ್ಣೆಯ ಚಲ್ಲಣ ತೊಟ್ಟು, ಅತ್ತೆಗೆ ಒಯ್ಯುತ್ತಿದ್ದ ಕ್ರೀಮ್ ಕೇಕನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು, ಕಿಟಕಿ ಇಳಿಸಿ ಬೇಯುತ್ತ ಹೋದ. ತಿರುವುಗಳಲ್ಲಿ ಮುಂದಿನ ವ್ಯಾನಿನ ಕಿಟಕಿ ಕಾಣುತ್ತಿತ್ತು. ಬೊರ್ಘಿಲ್ಡ್ ನಗುತ್ತಿದ್ದಳು. ಶೆತಿಲ್ ಕೈ ಆಡಿಸಿ ಏನೋ ಕಥೆ ಹೇಳುತ್ತಿದ್ದ. ಶೆತಿಲ್ ಮಾತಾಡುತ್ತಾನೆ! ಔಡುನ್‌ಗೆ ಗ್ಯಾಸ್ ಹೋದದ್ದಕ್ಕಿಂತ ದೊಡ್ಡ ಆಘಾತ ಇದು. ಕೊನೆಯ ತಿರುವಿನಲ್ಲಿ ಕೇಕು ಜಾರಿ ಸೀದಾ ಅವನ ತೊಡೆಗೆ ಬಂತು.

ಚರ್ಚಿನ ಮುಂದೆ ಬೊರ್ಘಿಲ್ಡ್ ಆಗತಾನೇ ಕೊಯ್ದ ಹೂವಿನ ಹಾಗೆ ನಿಂತಿದ್ದಳು. ಮೂರು ಪುಟಗಳನ್ನು ಮಡಚಿ ಸೊಂಟದ ಚೀಲಕ್ಕೆ ಹಾಕಿದಳು.

"ಯಾರ ಸಹಾಯನೂ ಕೇಳದೇ ಬದುಕೋದು ನಮ್ಮ ಹೆಮ್ಮೆ ಅಂತ ಬರೆದ್ಕೊಂಡು ಬಂದಿದ್ದೆ," ಎಂದಳು. "ಆದರೆ ನಿನ್ನೆ ನಮ್ಮ ಮನೆ ಮುಂದೆ ಒಂದು ಘಟನೆ ನಡೀತು..."

ಗುಲಾಬಿ ಕೈಗವಸು ಬರುವ ಹೊತ್ತಿಗೆ ಜನ ನಗಲು ಶುರು ಮಾಡಿದ್ದರು. ಬೇಲಿಯ ನಾಲ್ಕನೇ ಪದರಕ್ಕೆ ಬ್ಯಾಂಡಿನವರು ತುತ್ತೂರಿ ಕೆಳಗಿಟ್ಟು ನಕ್ಕರು. 'ನೀವು ಕೇಳಲಿಲ್ವಲ್ಲ' ಎಂಬಲ್ಲಿ ಪಾದ್ರಿ ಕಣ್ಣೊರೆಸಿಕೊಂಡ. ಆ ಹಳ್ಳಿಯಲ್ಲಿ ಇಂಥ ಭಾಷಣ ಯಾರೂ ಕೇಳಿರಲಿಲ್ಲ. ಹಿಂದಿನ ಸಾಲಿನಲ್ಲಿದ್ದ ಔಡುನ್‌ಗೆ ನಾಚಿಕೆಯೂ ಆಯಿತು, ಹೆಂಡತಿಯ ಬಗ್ಗೆ ಹೆಮ್ಮೆಯೂ ಆಯಿತು. ಸದ್ಯ, ಗಂಡನ ಹೆಸರು ಹೇಳಲಿಲ್ಲ.

ಪಕ್ಕದಲ್ಲಿದ್ದ ಮುದುಕಿ ನಗುತ್ತ ಕೇಳಿದಳು: "ಆ ಪಾಪದ ಗಂಡ ಯಾರಿರಬಹುದು, ನಿಮಗೇನಾದ್ರೂ ಗೊತ್ತಾ?"

"ನನಗೇನು ಗೊತ್ತು!"

ಅಷ್ಟರಲ್ಲಿ ಅವಳ ಕಣ್ಣು ಅವನ ಚಲ್ಲಣದ ಮೇಲೆ ಬಿತ್ತು. "ಅಯ್ಯೋ, ಮೈಯೆಲ್ಲಾ ಕ್ರೀಮು! ತಗೊಳ್ಳಿ, ಕರವಸ್ತ್ರ ಇದೆ. ಒರೆಸಿಕೊಡ್ಲಾ?"

"ಬೇಡ ಬೇಡ," ಎಂದು ಔಡುನ್ ಥಟ್ಟನೆ ಹಿಂದೆ ಸರಿದ. "ನಾನೇ ನೋಡ್ಕೋತೀನಿ."

ಮುದುಕಿ ಕರವಸ್ತ್ರವನ್ನು ಹಾಗೇ ಗಾಳಿಯಲ್ಲಿ ಹಿಡಿದು ಒಂದು ಕ್ಷಣ ಅವನನ್ನು ದಿಟ್ಟಿಸಿದಳು. ಆಮೇಲೆ ಇಡೀ ಮೈದಾನಕ್ಕೆ ಕೇಳುವಂತೆ ಕೂಗಿದಳು:

"ಸಿಕ್ಕಿದ ಕಣ್ರೋ! ಇವನೇ!"