ಮೇಷ್ಟ್ರಿಗೆ ಕಾಫಿ ಆಯ್ತಾ?

ನಾನು ದೂರಶಿಕ್ಷಣದಲ್ಲಿ ಬಿ.ಕಾಂ. ಓದಿದವಳು. ಅದರಲ್ಲಿ ದೂರ ನನಗೆ ಚೆನ್ನಾಗಿಯೇ ಬಂತು, ಶಿಕ್ಷಣವೇ ಬರಲಿಲ್ಲ. ಈಗಿನವರು ಹಾಸಿಗೆಯ ಮೇಲೆ ಮಗ್ಗುಲಾಗಿ ಫೋನಿನಲ್ಲಿ ಪಾಠ ಕೇಳುವುದನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ, ಸುಳ್ಳು ಯಾಕೆ ಹೇಳಲಿ. ಎರಡು ಸಾವಿರದ ಇಸವಿಯ ಆಚೀಚೆ ನಮ್ಮ ಸಂಸ್ಥೆಯವರು ‘ಇನ್ನು ಮೇಲೆ ಶನಿವಾರ ಸಂಜೆ ಕಂಪ್ಯೂಟರಿನಲ್ಲೇ ಮೇಷ್ಟ್ರು ಸಿಗುತ್ತಾರೆ, ಡೌಟು ಕೇಳಿ’ ಎಂದಾಗ ನಾನು ಕುಣಿದಾಡಿಬಿಟ್ಟೆ. ಆಗ ನಾನು ಹೆಬ್ಬಾಳದ ಒಂದು ಫ್ಯಾಕ್ಟರಿಯ ಸ್ಟೋರಿನಲ್ಲಿ ಬೋಲ್ಟು ನಟ್ಟು ಕೊಡುವ ಕೆಲಸದಲ್ಲಿದ್ದೆ. ಅಕೌಂಟ್ಸ್ ಸೆಕ್ಷನ್ನಿನಲ್ಲಿ ಕಿಟಕಿ ಪಕ್ಕದ ಕುರ್ಚಿಯೊಂದು ಖಾಲಿಯಾಗುವುದರಲ್ಲಿತ್ತು. ಆ ಕಿಟಕಿಯಿಂದ ಚಾಮುಂಡಿ ಬೆಟ್ಟ ಕಾಣುತ್ತಿತ್ತು. ಬಿ.ಕಾಂ. ಮುಗಿದರೆ ಕುರ್ಚಿ ನನ್ನದು. ಉಳಿದದ್ದು ಕಾಸ್ಟಿಂಗ್ ಪೇಪರ್ ಒಂದೇ, ಅದರಲ್ಲೂ ತಲೆಗೆ ಹತ್ತದ್ದು ಒಂದೇ ಸಂಗತಿ: ಕ್ಯಾಂಟೀನು, ವಾಚ್‌ಮನ್ನು ಇಂಥ ಮೇಲುಖರ್ಚನ್ನೆಲ್ಲ ಒಂದೊಂದು ಬೋಲ್ಟಿನ ಮೇಲೆ ಎಷ್ಟೆಷ್ಟು ಹೊರಿಸುವುದು? ಪುಸ್ತಕ ತೆರೆದರೆ ನನಗೆ ಲೆಕ್ಕ ಕಾಣುತ್ತಿರಲಿಲ್ಲ. ತಲೆಯ ಮೇಲೆ ಲೋಟ ಹೊತ್ತು ಸಾಲಾಗಿ ನಡೆಯುವ ಪುಟಾಣಿ ಬೋಲ್ಟುಗಳು ಕಾಣುತ್ತಿದ್ದವು.

ಬನ್ನಿಮಂಟಪದ ನಮ್ಮ ಮನೆಯ ಹತ್ತಿರ ಮಹದೇವಪ್ಪನವರ ಎಸ್‌.ಟಿ.ಡಿ. ಬೂತು ಇತ್ತು. ಅವರು ಅದರೊಳಗೇ ಒಂದು ಕಂಪ್ಯೂಟರ್ ಇಟ್ಟು, ಹಳೇ ಸೀರೆಯ ಪರದೆ ಕಟ್ಟಿ, ಬೋರ್ಡಿನಲ್ಲಿ ‘ಇಂಟರ್‌ನೆಟ್’ ಅಂತ ಸೇರಿಸಿದ್ದರು. ಫೋನಿಗೂ ನೆಟ್ಟಿಗೂ ಇದ್ದದ್ದು ಒಂದೇ ಲೈನು. ಯಾರಾದರೂ ಫೋನು ಮಾಡಲು ಬಂದರೆ ನನ್ನ ಕ್ಲಾಸಿಗೆ ಕತ್ತರಿ. “ಒಸಿ ತಡ್ಕಳಮ್ಮ, ಇವರು ದಾವಣಗೆರೆಗೆ ಮಾತಾಡ್ಬೇಕಂತೆ, ಮಾವಂಗೆ ಹುಷಾರಿಲ್ವಂತೆ” ಅನ್ನುತ್ತಿದ್ದರು. ಹುಷಾರಿಲ್ಲದ ಮಾವನ ಮುಂದೆ ಕಾಸ್ಟಿಂಗ್ ಯಾವ ಲೆಕ್ಕ? ಕಾಯುತ್ತಿದ್ದೆ. ಮತ್ತೆ ಲೈನು ಸಿಕ್ಕಿದಾಗ ಮೋಡೆಮ್ ಡಬ್ಬಿ ಕುಂಯ್ಗುಟ್ಟಿ, ಕರಕರ ಅಂದು, ಮೇಷ್ಟ್ರ ಫೋಟೋ ಮೇಲಿನಿಂದ ಕೆಳಕ್ಕೆ ಗೆರೆಗೆರೆಯಾಗಿ ಇಳಿಯುತ್ತಿತ್ತು. ಮೊದಲು ಕೂದಲು, ಆಮೇಲೆ ಹಣೆ. ಅಲ್ಲಿಗೆ ನಿಲ್ಲುತ್ತಿತ್ತು. ಹುಬ್ಬಿನಿಂದ ಕೆಳಗೆ ಮೇಷ್ಟ್ರು ಯಾವತ್ತೂ ಇಳಿಯಲಿಲ್ಲ. ಫ್ಯಾನಿನ ಗಾಳಿಗೆ ಪರದೆ ಉಬ್ಬಿ ಇಳಿಯುವಾಗ ನಾನು ಆ ಹಣೆಗೆ ಒಂದೊಂದು ದಿನ ಒಂದೊಂದು ಕಣ್ಣು ಹಚ್ಚಿ ನೋಡುತ್ತಿದ್ದೆ. ಒಮ್ಮೆ ಸಿಟ್ಟಿನ ಕಣ್ಣು, ಒಮ್ಮೆ ನಿದ್ದೆಗಣ್ಣು. ಹಾಗೇ ನೋಡುತ್ತಾ ನನಗೇ ನಿದ್ದೆ ಬಂದುಬಿಡುತ್ತಿತ್ತು.

ಆದರೆ ಲೈನು, ಕರೆಂಟು ಇವೆಲ್ಲ ಸಣ್ಣ ತೊಂದರೆ. ದೊಡ್ಡ ತೊಂದರೆ ನಮ್ಮ ಮರ್ಯಾದೆ. ಕ್ಲಾಸು ಶುರುವಾದ ಕೂಡಲೇ ಒಬ್ಬೊಬ್ಬರಾಗಿ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಕುಟ್ಟುತ್ತಿದ್ದರು: “ನಮಸ್ಕಾರ ಸಾರ್, ಕಾಫಿ ಆಯ್ತಾ?” ಮೇಷ್ಟ್ರು ಪಾಪ ಒಬ್ಬೊಬ್ಬರಿಗೂ “ಆಯ್ತು, ನಿಮ್ಮದು?” ಅನ್ನುವರು. ಅವರು “ಆಯ್ತು ಸಾರ್” ಅನ್ನುವರು. ಅಷ್ಟರಲ್ಲಿ ಇನ್ನೊಬ್ಬರು ಬರುವರು. ಎಲ್ಲರ ಕಾಫಿ ಮುಗಿಯುವ ಹೊತ್ತಿಗೆ ಕ್ಲಾಸೂ ಮುಗಿಯುತ್ತಿತ್ತು. ಒಂದು ಶನಿವಾರ ನಾನು ತಡೆಯಲಾರದೆ ನಮಸ್ಕಾರವನ್ನೂ ಹೇಳದೆ ನೇರ ಡೌಟನ್ನೇ ಕುಟ್ಟಿದೆ. ತಕ್ಷಣ ಯಾರೋ ಒಬ್ಬರು, “ಏನ್ ಮೇಡಂ, ಗುರುಗಳನ್ನ ಹಿಂಗಾ ಮಾತಾಡ್ಸೋದು?” ಅಂದರು. ಇನ್ನೊಬ್ಬರು “ಬುಡಿ, ಅವ್ರಿಗೇನೋ ಅರ್ಜೆಂಟು” ಅಂದರು. ಅವತ್ತಿನ ಕ್ಲಾಸು ನನ್ನ ಸಂಸ್ಕಾರದ ವಿಚಾರದಲ್ಲೇ ಕಳೆಯಿತು. ಮಹದೇವಪ್ಪನವರ ಹತ್ತಿರ ಗೋಳು ಹೇಳಿಕೊಂಡರೆ ಅವರೂ ಆ ಕಡೆಗೇ ಸೇರಿದರು: “ಮೇಷ್ಟ್ರ ಹೊಟ್ಟೆ ವಿಚಾರಿಸ್ದೆ ಪಾಠ ಕೇಳುದ್ರೆ ವಿದ್ಯೆ ಎಂಗಮ್ಮ ಹತ್ತತ್ತೆ?”

ಪರೀಕ್ಷೆಗೆ ಮುಂಚಿನ ಕೊನೇ ಶನಿವಾರ ಬಂತು. ದಸರಾ ಪಂಜಿನ ಕವಾಯತಿನ ತಾಲೀಮು ನಡೆಯುತ್ತಿತ್ತು, ಊರೆಲ್ಲ ಮೈದಾನದ ಕಡೆ ಹೊರಟಿತ್ತು. ರಸ್ತೆಯಲ್ಲಿ ಪೊಲೀಸರ ಕುದುರೆಗಳು ಟಕಟಕ ಹೋಗುತ್ತಿದ್ದವು. ಬೂತಿನಲ್ಲಿ ಫೋನು ಮಾಡುವವರಿಲ್ಲ. ಲೈನು ಒಂದೇ ಸಲಕ್ಕೆ ಸಿಕ್ಕಿತು. ಕ್ಲಾಸಿನಲ್ಲಿ ನಾನೊಬ್ಬಳೇ. ಹೊಂಬಿಸಿಲು ಪರದೆಯ ಹೂಗಳನ್ನು ತೂರಿ ಕೀಲಿಮಣೆಯ ಮೇಲೆ ಬಿದ್ದಿತ್ತು. ಮೇಷ್ಟ್ರು ಬರೆದರು: “ಇವತ್ತು ಯಾರೂ ಇಲ್ಲಮ್ಮ. ಸಮಾಧಾನವಾಗಿ ಏನು ಬೇಕಾದರೂ ಕೇಳಿ.”

ಇದಕ್ಕಾಗಿ ಎಷ್ಟು ಶನಿವಾರ ಕಾದಿದ್ದೆ! ಕಿಟಕಿಯೂ ಬೆಟ್ಟವೂ ಕಣ್ಣ ಮುಂದೆ ಬಂದವು. ಬೆರಳುಗಳು ತಮ್ಮಷ್ಟಕ್ಕೆ ತಾವೇ ಓಡಿದವು: “ಕಾಫಿ ಆಯ್ತಾ ಸಾರ್?”

ಆ ಕಡೆಯಿಂದ ಉತ್ತರ ಮೆಲ್ಲಗೆ ಬಂತು: “ಇಲ್ಲಮ್ಮ. ಒಂದು ಶನಿವಾರವೂ ಆಗಿಲ್ಲ. ನಮ್ಮ ಕ್ಯಾಂಟೀನ್ ಮುಚ್ಚೋದೂ ನಿಮ್ಮ ಕ್ಲಾಸ್ ಶುರುವಾಗೋದೂ ಒಂದೇ ಹೊತ್ತಿಗೆ. ಆಗಿಲ್ಲ ಅಂದ್ರೆ ನೀವೆಲ್ಲ ನೊಂದ್ಕೋತೀರಿ ಅಂತ ಆಯ್ತು ಅಂತಿದ್ದೆ.”

“ಅಯ್ಯೋ ಸಾರ್, ಈಗ್ಲೇ ಹೋಗಿ ಕುಡ್ಕೊಂಡ್ ಬನ್ನಿ. ರೋಡ್‌ನಲ್ಲಿ ಎಲ್ಲಾದ್ರೂ ಸಿಗತ್ತೆ. ನಾನು ಕಾಯ್ತೀನಿ” ಅಂದೆ. “ಬೇಡಮ್ಮ, ನಿಮ್ಮ ಡೌಟು…” ಅಂದರು. “ಡೌಟು ಎಲ್ಲೂ ಹೋಗಲ್ಲ ಸಾರ್, ಮೊದ್ಲು ನೀವು ಹೋಗಿ” ಅಂತ ಗದರಿಬಿಟ್ಟೆ. ಹೋದರು. ನಾನು ಆ ಅರ್ಧ ಹಣೆಯನ್ನು ನೋಡುತ್ತ ಕೂತೆ. ಮೈದಾನದ ಕಡೆಯಿಂದ ಬ್ಯಾಂಡಿನ ಸದ್ದು ಬರುತ್ತಿತ್ತು. ಕಾಣದ ಒಬ್ಬ ಮನುಷ್ಯ ಕಾಣದ ಒಂದು ರಸ್ತೆ ದಾಟಿ, ಬಿಸಿ ಲೋಟವನ್ನು ಎರಡು ಬೆರಳಲ್ಲಿ ಹಿಡಿದು ಊದಿಕೊಂಡು ಕುಡಿಯುತ್ತಿದ್ದಾನೆ ಅನ್ನಿಸಿ ಎಷ್ಟು ಹಿತವಾಯಿತೆಂದರೆ, ಮಹದೇವಪ್ಪನವರು “ಏಳಮ್ಮ, ಲೈನು ಹೋಗಿ ಆಗ್ಲೇ ಎಷ್ಟೊತ್ತಾಯ್ತು” ಅಂದಾಗಲೇ ಎಚ್ಚರ.

ಪರೀಕ್ಷೆಯಲ್ಲಿ ಅದೇ ಮೇಲುಖರ್ಚಿನ ಲೆಕ್ಕ ಬಂತು. ಪೇಪರ್ ಹೋಯಿತು, ಅದರ ಹಿಂದೆಯೇ ಕುರ್ಚಿಯೂ ಕಿಟಕಿಯೂ ಹೋದವು. ಫಲಿತಾಂಶದ ದಿನ ನಮ್ಮ ಯಜಮಾನರಿಗೆ ತಡೆಯಲಾಗಲಿಲ್ಲ. “ಅಲ್ಲ ಕಣೇ, ಮೇಷ್ಟ್ರು ಒಬ್ಬಳಿಗೇ ಸಿಕ್ಕಿದ್ರು, ಲೈನೂ ಇತ್ತು. ಅದೊಂದು ಕೇಳಕ್ಕಾಗ್ಲಿಲ್ವಾ ನಿನಗೆ?”

“ಹೆಂಗ್ರೀ ಕೇಳ್ಲಿ?” ಅಂದೆ. “ಅವ್ರಿಗಿನ್ನೂ ಕಾಫೀನೇ ಆಗಿರ್ಲಿಲ್ಲ.”