ತೊಂಬತ್ತನೆಯ ದಿನದ ನೊಣ

ಬೆಳಗ್ಗೆ ಪ್ರಯೋಗಾಲಯದ ಬಾಗಿಲು ತೆರೆದಾಗ ಎಣಿಕೆಯಮ್ಮನಿಗೆ ಎಣಿಸಲು ಉಳಿದಿದ್ದದ್ದು ಒಂದೇ ನೊಣ. ಅದೂ ಕುಂಟುತ್ತಿತ್ತು.

ಮೂರು ತಿಂಗಳಿಂದ ಅವಳ ಕೆಲಸ ಇಷ್ಟೇ: ಸೀಸೆಗಳಲ್ಲಿದ್ದ ಹಣ್ಣಿನ ನೊಣಗಳಿಗೆ ಗಂಜಿ ಬದಲಿಸುವುದು, ಸತ್ತವನ್ನು ಎಣಿಸಿ ಬರೆಯುವುದು. ಕೆಂಪು ಚೀಟಿಯ ಸೀಸೆಗಳ ಗಂಜಿಗೆ ಕೆಂಪು ಡಬ್ಬಿಯ ಪುಡಿ, ನೀಲಿಗೆ ನೀಲಿಯದು. ಒಂದರಲ್ಲಿ ಮೈಯೊಳಗಿನ ತುಕ್ಕು ತಡೆದು ಆಯುಸ್ಸು ಬೆಳೆಸುತ್ತದೆಂದು ಪ್ರೊಫೆಸರ್ ನಂಬಿದ್ದ ಆ್ಯಂಟಿಆಕ್ಸಿಡೆಂಟ್. ಇನ್ನೊಂದರಲ್ಲಿ ಬರೀ ಹಿಟ್ಟು. ಯಾವುದು ಎಲ್ಲಿದೆ ಎಂಬುದು ಮೊಹರು ಹಾಕಿದ ಲಕೋಟೆಯಲ್ಲಿತ್ತು. ಪ್ರೊಫೆಸರಿಗೂ ಗೊತ್ತಿರಲಿಲ್ಲ. ಗೊತ್ತಿದ್ದರೆ ಕಣ್ಣು ತನಗೆ ಬೇಕಾದಂತೆ ಎಣಿಸುತ್ತದಂತೆ.

ಕೆಂಪು ನೊಣಗಳು ಗಟ್ಟಿಮುಟ್ಟಾಗಿ ಕಂಡ ದಿನವೇ ಗುಟ್ಟು ಬಯಲಾಯಿತೆಂದು ಇಡೀ ವಿಭಾಗ ತೀರ್ಮಾನಿಸಿತ್ತು. ಗುಮಾಸ್ತರು ಕದ್ದು ಕೆಂಪು ಡಬ್ಬಿಯ ಪುಡಿಯನ್ನು ಚಹಾಕ್ಕೆ ಬೆರೆಸಿಕೊಂಡು, ಮಂಡಿನೋವು ಮಾಯವಾಯಿತೆಂದು ಮೆಟ್ಟಿಲು ಹತ್ತಿಳಿದು ತೋರಿಸುತ್ತಿದ್ದರು. ಸೀಸೆ ತೊಳೆಯುವ ಅಕ್ಕನಿಗೆ ಬೈತಲೆಯಲ್ಲಿ ಕರಿಕೂದಲು ಮೂಡಿತ್ತಂತೆ.

ಒಂಬತ್ತಕ್ಕೆ ಪ್ರೊಫೆಸರರ ಫೋನ್ ಬಂತು. "ಸಂಜೆ ಐದಕ್ಕೆ ತೊಂಬತ್ತು ದಿನ ತುಂಬುತ್ತೆ. ಅಲ್ಲೀವರೆಗೂ ಆ ಕೆಂಪು ಸೀಸೆ ನೊಣ ಇದ್ರೆ ಕೆಂಪು ಗೆದ್ದ ಹಾಗೆ. ಮೊದಲೇ ಹೋದ್ರೆ ಎರಡೂ ಸಮ."

ಸಮ ಎಂದರೆ ತಾನು ಮನೆಗೆ ಎಂದು ಎಣಿಕೆಯಮ್ಮ ತಾನೇ ಅರ್ಥ ಮಾಡಿಕೊಂಡಳು. ಪ್ರಯೋಗ ಇರುವವರೆಗೆ ಮಾತ್ರ ಅವಳಿಗೆ ಕೆಲಸ. ಮಗಳ ಕಾಲೇಜಿಗೆ ಇನ್ನೂ ಒಂದು ವರ್ಷ ಬಾಕಿ.

"ಪಾಪ, ಚಳಿ ಅದಕ್ಕೆ" ಎಂದು ಅಕ್ಕ ಸೀಸೆಯನ್ನು ಕಿಟಕಿಯ ಬಿಸಿಲಿಗಿಟ್ಟಳು. ಹತ್ತು ನಿಮಿಷದಲ್ಲಿ ನೊಣ ಮಗುಚಿ ಬಿತ್ತು.

"ಸಾಯಿಸ್ತೀಯೇನೇ? ತಣ್ಣಗಿಟ್ರೆ ಆಯಸ್ಸು ಜಾಸ್ತಿ!" ಗುಮಾಸ್ತರು ಅದನ್ನು ಫ್ರಿಜ್ಜಿಗೆ ತಳ್ಳಿದರು. ಎಣಿಕೆಯಮ್ಮ ಹೊರಗೆ ತೆಗೆದಾಗ ನೊಣ ಬಿದ್ದ ಎಳ್ಳಿನಂತೆ ಅಲುಗಾಡದೆ ಇತ್ತು.

ಅವಳು ಸೀಸೆಯನ್ನು ಅಂಗೈಯಲ್ಲಿ ಮುಚ್ಚಿ, ಕಾಯಿಲೆಯ ಕೂಸನ್ನು ಹಿಡಿದಂತೆ ಅರ್ಧ ಗಂಟೆ ಕೂತಳು. ಕೊನೆಗೆ ಒಂದು ಕಾಲು ಆಡಿತು.

"ಬರೀ ಕೈ ಬಿಸಿ ಸಾಲಲ್ಲ ಕಣಮ್ಮಾ, ಒಂದು ಚಿಟಿಕೆ ಪುಡಿ ನೇರವಾಗಿ ಹಾಕು" ಎಂದರು ಗುಮಾಸ್ತರು.

ಬೇಡವೆನ್ನಲು ಅವಳಲ್ಲಿ ಶಕ್ತಿ ಉಳಿದಿರಲಿಲ್ಲ. ಬಿರಡೆ ತೆಗೆದಳು. ಬೆಳಗಿನಿಂದ ಸಾಯುತ್ತಿದ್ದ ನೊಣ ಪುರ್ರನೆ ಹಾರಿತು.

"ಯಾರೂ ಕೈ ಬೀಸಬೇಡಿ! ಚಪ್ಪಾಳೆ ತಟ್ಟಬೇಡಿ!" ಎಂದು ಎಣಿಕೆಯಮ್ಮ ಕೂಗಿದಳು.

ಅದು ದೀಪದ ಮೇಲೆ ಕೂತಿತು, ಹಾಜರಿ ಪುಸ್ತಕದ ಮೇಲೆ ಕೂತಿತು, ಆಮೇಲೆ ಗುಮಾಸ್ತರ ಬೋಳುತಲೆಯ ನಡುಮಧ್ಯದಲ್ಲಿ ಮನೆ ಕಟ್ಟುವವರಂತೆ ನಿಂತಿತು.

"ಕಚಗುಳಿ ಆಗ್ತಿದೆ, ಬೇಗ!"

"ಅಲ್ಲಾಡಿದ್ರೆ ನೋಡಿ! ಮೂರು ತಿಂಗಳ ಪ್ರಯೋಗ ನಿಮ್ಮ ತಲೆ ಮೇಲಿದೆ" ಎಂದಳು ಅಕ್ಕ.

ಎಣಿಕೆಯಮ್ಮ ಉಸಿರು ಬಿಗಿಹಿಡಿದು ಖಾಲಿ ಸೀಸೆಯನ್ನು ಅವರ ತಲೆಗೆ ಬೋರಲು ಹಾಕಿದಳು. ಆ ಭಂಗಿಯಲ್ಲೇ ಇಪ್ಪತ್ತು ನಿಮಿಷ ಕಳೆಯಿತು. ಕೊನೆಗೆ ನೊಣ ಬೇಸತ್ತು ಸೀಸೆಯೊಳಗೆ ಮೇಲಕ್ಕೇರಿತು, ಅವಳು ಬಿರಡೆ ಒತ್ತಿದಳು.

ಐದು ಹೊಡೆಯಿತು. ನೊಣ ಬದುಕಿತ್ತು. ಎಣಿಕೆಯಮ್ಮನಿಗೆ ನಗಲೂ ಆಯಾಸ.

ಪ್ರೊಫೆಸರ್ ಬಂದು, ನೊಣವನ್ನು ನೋಡಿ, ಲಕೋಟೆ ಒಡೆದರು. ಓದಿದರು. ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು.

"ಕೆಂಪು, ಬರೀ ಹಿಟ್ಟು."

ಅಕ್ಕ ಸೆರಗನ್ನು ಬೈತಲೆಯ ಮೇಲೆ ಎಳೆದುಕೊಂಡಳು. ಗುಮಾಸ್ತರು ಮೆಲ್ಲನೆ ಕುರ್ಚಿ ಹಿಡಿದು ಕೂತು ಮಂಡಿ ನೀವಿಕೊಳ್ಳತೊಡಗಿದರು.

"ಹಿಟ್ಟೇ ಗೆದ್ದ ಮೇಲೆ ಔಷಧಕ್ಕೆ ಇನ್ಯಾರು ಪ್ರಯೋಗ ಮಾಡಿಸ್ತಾರೆ? ಇವತ್ತಿಗೆ ಮುಗೀತು" ಎಂದರು ಪ್ರೊಫೆಸರ್, ನಿಟ್ಟುಸಿರು ಬಿಟ್ಟು. "ಮಧ್ಯಾಹ್ನವೇ ಇದು ಸತ್ತಿದ್ರೆ ಸಮ ಆಗ್ತಿತ್ತು, ನೋಡಿ. ಮತ್ತೆ ಮೊದಲಿಂದ ಮಾಡಬೇಕು ಅಂತ ಬರೆದು ಎರಡು ವರ್ಷ ನಡೆಸ್ತಿದ್ದೆ. ನಿಮ್ಮನ್ನೇ ಇಟ್ಕೊಂಡು."

ಎಣಿಕೆಯಮ್ಮ ಸೀಸೆಯತ್ತ ನೋಡಿದಳು. ಆಮೇಲೆ ಗುಮಾಸ್ತರ ತಲೆಯತ್ತ.

"ಸಾರ್, ಇದನ್ನೇನು ಮಾಡ್ಲಿ?"

"ಮನೆಗೆ ತಗೊಂಡು ಹೋಗಿ. ನಿಮಗೆ ಹೊಂದ್ಕೊಂಡಿದೆ."

ಅವಳು ಪುಸ್ತಕ ತೆರೆದು ಕೊನೆಯ ಸಾಲು ಬರೆದಳು: ಕೆಂಪು, ಒಂದು. ಆರೋಗ್ಯವಾಗಿದೆ.